ಪೂರ್ಣಾಹುತಿಗೆ ಮೊದಲು ಬಂದ ಫೋನು

ನನ್ನ ಭಾವನ ಹದಿಮೂರನೇ ದಿನದ ಹೋಮದ ಬೆಂಕಿ ಪೂರ್ಣಾಹುತಿಗೆ ಮೊದಲೇ ಆರಿಹೋದದ್ದು ಅಕ್ಕನ ಮರೆವಿನಿಂದಲ್ಲ. ನನ್ನಿಂದ. ನಾನು ಮರೆತು ಮಾಡಿದ್ದೂ ಅಲ್ಲ — ಬೇಕೆಂದೇ ಮಾಡಿದ್ದು. ಇಷ್ಟನ್ನು ಹೇಳಲು ವರ್ಷಗಟ್ಟಲೆ ಬೇಕಾಯಿತೆಂದರೆ ನಾನು ಎಂಥವನು ಎಂದು ನೀವೇ ಊಹಿಸಿಕೊಳ್ಳಿ.

ಆಗ ನಾನು ಅಮೆರಿಕದ ಡೌನರ್ಸ್ ಗ್ರೋವ್‌ನಲ್ಲಿ ಒಬ್ಬನೇ ಇದ್ದೆ. ಅಕ್ಕ, ಭಾವ, ಅವರ ಮಗಳು ಮೇಘನಾ ಅಲ್ಲೇ ಹತ್ತಿರದ ಬೋಲಿಂಗ್‌ಬ್ರೂಕ್‌ನಲ್ಲಿ. ಶುಕ್ರವಾರ ಬಂತೆಂದರೆ ಆಫೀಸಿನಿಂದ ನೇರ ಅವರ ಬೇಸ್‌ಮೆಂಟಿಗೆ ಇಳಿಯುತ್ತಿದ್ದೆ. ಭಾವನಿಗೆ ಬ್ರಿಟಿಷರ ಕರಾಳ ಹಾಸ್ಯದ ಸಿನಿಮಾಗಳ ಹುಚ್ಚು. ಅದರಲ್ಲೂ ನೆಂಟರೆಲ್ಲ ಸಾವಿಗೋ ಮದುವೆಗೋ ಒಂದು ಮನೆಯಲ್ಲಿ ಸೇರಿ ಎಲ್ಲ ಎಕ್ಕುಟ್ಟಿಹೋಗುವಂಥವು. ಆ ಜನ ಒಳಗೊಳಗೇ ಹಳೇ ಸಿಟ್ಟು ಕುದಿಯುತ್ತಿದ್ದರೂ ಬಾಯಲ್ಲಿ ಇನ್ನೊಂದು ಕಪ್ ಟೀ ಬೇಕಾ ಎನ್ನುತ್ತಾರೆ. ಕಿಟಕಿಯ ಪರದೆಗೆ ಬೆಂಕಿ ಹತ್ತಿಕೊಂಡಿದ್ದರೂ ಸಕ್ಕರೆ ಎಷ್ಟು ಎಂದು ಕೇಳುತ್ತಾರೆ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಕ್ಕ ಚಕ್ಕುಲಿ ತಟ್ಟೆ ತಂದಿಟ್ಟು, “ಸಾವಿನ ಮನೇಲಿ ಎಂಥ ನಗುವೋ ನಿಮ್ದು, ಥೂ” ಎಂದು ಬೈದು ಮೆಟ್ಟಿಲು ಹತ್ತುತ್ತಿದ್ದಳು.

ಭಾವ ಒಮ್ಮೆ ಕಣ್ಣೊರೆಸಿಕೊಳ್ಳುತ್ತ ಹೇಳಿದ್ದರು: “ಲೋ, ನಾನು ಸತ್ತಾಗ್ಲೂ ಹಿಂಗೇ ಏನಾದ್ರೂ ಎಡವಟ್ಟಾಗ್ಬೇಕು ಕಣೋ. ಎಲ್ಲಾರೂ ಮುಖ ಊದಿಸ್ಕೊಂಡು ಕೂತಿದ್ರೆ ನಂಗಾಗಲ್ಲ.”

ಆ ಚಳಿಗಾಲವೇ, ಮನೆ ಮುಂದಿನ ಡ್ರೈವ್‌ವೇಯಲ್ಲಿ ಹಿಮ ಎತ್ತಿಹಾಕುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಮತ್ತೆ ಏಳಲಿಲ್ಲ.

ಇಲ್ಲಿ ಮನೆಯೊಳಗೆ ಹೋಮ ಮಾಡುವುದೆಂದರೆ ಸುಲಭವಲ್ಲ. ಇಟ್ಟಿಗೆ, ಮರಳು, ಸಮಿತ್ತು, ತುಪ್ಪ ಎಲ್ಲ ಹೇಳಿ ಮುಗಿಸಿದ ಮೇಲೆ ಪುರೋಹಿತರು ತಪ್ಪದೆ ಕೇಳುವುದೊಂದಿದೆ: “ಅಲಾರಂ ಕಂಪನಿಗೆ ಹೇಳಿದೀರಾ?” ಹೇಳದಿದ್ದರೆ ಹೊಗೆಗೆ ಅಲಾರಂ ಕೂಗುತ್ತದೆ, ಕಂಪನಿಯವರು ಮನೆಯವರಿಗೆ ಫೋನ್ ಮಾಡುತ್ತಾರೆ, ಯಾರೂ ಎತ್ತದಿದ್ದರೆ ಫೈರ್ ಎಂಜಿನ್ ಕಳಿಸುತ್ತಾರೆ. ಅದು ನಮಗೆಲ್ಲ ಗೊತ್ತಿರುವ ವಿಷಯವೇ.

ಆ ಬೆಳಿಗ್ಗೆ ಅಕ್ಕ ಗರಾಜಿನಲ್ಲಿ ತನ್ನ ಫೋನನ್ನು ನನ್ನ ಕೈಗಿಟ್ಟಳು. “ಅಲಾರಂನೋರಿಗೆ ಕಾಲ್ ಮಾಡಿ ಇವತ್ತೊಂದಿನ ಆಫ್ ಮಾಡೋಕೆ ಹೇಳ್ಬಿಡೋ. ನಂಗೆ ತಲೇನೇ ಓಡ್ತಿಲ್ಲ.” ನಂಬರು ಹುಡುಕಿದೆ. ಸಿಕ್ಕಿತು. ಬೆರಳು ಅದರ ಮೇಲೆಯೇ ಇತ್ತು — ಆಗ ಭಾವನ ಮಾತು ನೆನಪಾಯಿತು. ಕೂಗಲಿ ಬಿಡು, ಎಂದುಕೊಂಡೆ. ಪುರೋಹಿತರು ಬೆಚ್ಚಿಬೀಳಲಿ, ಯಾರೋ ಟವೆಲ್ ಬೀಸಲಿ, ಅಕ್ಕ ಒಂದೇ ಒಂದು ಸಲ ನಗಲಿ. ಭಾವನಿಗೂ ಇದೇ ತಾನೇ ಬೇಕಿತ್ತು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ನನಗೆ! ಫೋನನ್ನು ಸೈಲೆಂಟ್ ಮಾಡಿ ಜೇಬಿಗೆ ಹಾಕಿಕೊಂಡೆ.

ಇನ್ನೇನು ಪೂರ್ಣಾಹುತಿ ಎನ್ನುವಾಗ ಅಲಾರಂ ಕೂಗಿತು. ಪುರೋಹಿತರು ನಿಜಕ್ಕೂ ಬೆಚ್ಚಿಬಿದ್ದರು, ಯಾರೋ ನಿಜಕ್ಕೂ ಟವೆಲ್ ಬೀಸಿದರು. ನನಗೆ ನಗು ತಡೆಯಲಾಗದೆ ಶಲ್ಯ ಬಾಯಿಗೆ ಒತ್ತಿಕೊಂಡೆ. ಜೇಬಿನಲ್ಲಿ ಫೋನು ನಡುಗುತ್ತಿತ್ತು. ಎತ್ತಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ ಎಂದು ಬಿಟ್ಟೆ — ಅದು ನಡುಗುವುದನ್ನು ನಿಲ್ಲಿಸಿತು. ಸ್ವಲ್ಪ ಹೊತ್ತಿಗೆ ಫೈರ್ ಎಂಜಿನ್ನಿನವರು, ಬೂಟು ಹಾಕಿಕೊಂಡ ನಾಲ್ಕಾರು ಮಂದಿ ದೇವರ ಮುಂದಿನ ರಂಗೋಲಿ ತುಳಿದುಕೊಂಡು ಒಳಗೆ ಬಂದರು. ಅವರದೇನೂ ತಪ್ಪಿಲ್ಲ. ಮನೆಯೊಳಗೆ ಬೆಂಕಿ ಉರಿಯುತ್ತಿತ್ತು, “ಸಾರಿ, ಮ್ಯಾಮ್” ಎಂದರು, ಆರಿಸಿದರು. ಬೆಂಕಿಗೆ ಎರಚಿದ ಬಿಳಿ ಪುಡಿ ಅಕ್ಕನ ಸೀರೆಯ ಮೇಲೆಲ್ಲ ಬಿತ್ತು.

ಯಾರೂ ನಗಲಿಲ್ಲ.

ಭಾವನ ತಾಯಿ ಮಗನ ಕಾರ್ಯಕ್ಕೆಂದು ಮೈಸೂರಿನಿಂದ ಬಂದಿದ್ದರು. ಅವರು ಗೋಡೆಗೆ ಒರಗಿಕೊಂಡು ಕೇಳಿದರು: “ಯಾರಮ್ಮ ಫೋನ್ ಮಾಡ್ಬೇಕಾಗಿತ್ತು?” ಅಕ್ಕ ಸುತ್ತ ನೋಡಿದಳು. ನನ್ನ ಮುಖವನ್ನೂ ನೋಡಿದಳು. ನನ್ನ ಕೈಗೆ ಕೊಟ್ಟದ್ದು ಅವಳ ತಲೆಯಿಂದ ಪೂರ್ತಿ ಹೋಗಿಬಿಟ್ಟಿತ್ತು. “ನಾನೇ... ನಾನೇ ಮರೆತೆ ಅನ್ಸತ್ತೆ, ಅತ್ತೆ.”

“ಅವನ ಕೊನೇ ಕಾರ್ಯಾನೂ ನೆಟ್ಟಗೆ ಆಗ್ದಂಗೆ ಮಾಡಿದ್ಯಲ್ಲೇ.”

ನಾನಲ್ಲಿಯೇ ಇದ್ದೆ. ಆಮೇಲೆ ಅಡಿಗೆಮನೆಗೆ ಹೋಗಿ, ಅವಳ ಫೋನನ್ನು ಹಣ್ಣಿನ ಬುಟ್ಟಿಯ ಪಕ್ಕ ಇಟ್ಟು ಬಂದೆ. ಎತ್ತದ ಕಾಲ್‌ಗಳನ್ನು ನೋಡಿ ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಅವಳನ್ನು ಸಮಾಧಾನ ಮಾಡಿದವನೂ ನಾನೇ — ಇರ್ಲಿ ಬಿಡಕ್ಕ, ಯಾರಿಗಾದ್ರೂ ಆಗತ್ತೆ, ಎಂದೆ. ಪುರೋಹಿತರು ಮತ್ತೆ ಅಗ್ನಿ ಹೊತ್ತಿಸಿ ಕಾರ್ಯ ಮುಗಿಸಿಕೊಟ್ಟು, ದೋಷವೇನಿಲ್ಲ ಎಂದರು. ಅದು ಅವಳ ಕಿವಿಗೆ ಬೀಳಲೇ ಇಲ್ಲ.

ನಾವು ನೋಡುತ್ತಿದ್ದ ಸಿನಿಮಾಗಳಲ್ಲಿ ಎಲ್ಲ ಹಾಳಾದ ಮೇಲೆ ಯಾರೋ ಒಬ್ಬರು ಪಕ್ಕನೆ ನಗುತ್ತಾರೆ, ಅಲ್ಲಿಗೆ ಮುಗಿಯಿತು. ಮರುದಿನ ಆ ಮನೆಯ ಹೆಂಗಸು ಏನು ಮಾಡಿದಳೆಂದು ತೋರಿಸುವುದಿಲ್ಲ. ನಾನು ನೋಡಿದ್ದೇನೆ. ಅಕ್ಕ ಆ ಮನೆ ಮಾರಿ ಪಕ್ಕದೂರು ಪ್ಲೇನ್‌ಫೀಲ್ಡ್‌ಗೆ ಹೋದಳು. ದೇವರ ಮುಂದೆ ಬ್ಯಾಟರಿ ದೀಪ ಇಟ್ಟಳು. ಯಾರ ಮನೆಯ ಹೋಮಕ್ಕೂ ಹೋಗುವುದನ್ನು ಬಿಟ್ಟಳು. ಪ್ರತಿ ತಿಥಿಗೆ ಪುರೋಹಿತರನ್ನು ಅದದೇ ಕೇಳುವಳು — ಇದು ಅವರಿಗೆ ಮುಟ್ಟತ್ತಲ್ವಾ? ನಾನು ಡೆಟ್ರಾಯಿಟ್ ಕಡೆ ಕೆಲಸ ಹಿಡಿದು ದೂರವಾದೆ. ಒಳ್ಳೆಯ ಅವಕಾಶ ಎಂದು ಎಲ್ಲರಿಗೂ ಹೇಳಿದೆ, ಅದೂ ಸುಳ್ಳೇ.

ಈ ಬೇಸಿಗೆಯಲ್ಲಿ ಮೇಘನಾಳ ಮದುವೆ. ಅಮ್ಮನೇ ಧಾರೆ ಎರೆಯಬೇಕೆಂದು ಅವಳ ಹಟ, ಪುರೋಹಿತರೂ ಒಪ್ಪಿದ್ದರು. ಅಕ್ಕ ಮಾತ್ರ ಒಲ್ಲೆ ಎಂದಳು. ಮೇಘನಾ ನನಗೆ ಫೋನ್ ಮಾಡಿ ಅತ್ತಳು: “ಮಾಮಾ, ಶೀ ಸೇಸ್ ಶೀ ರೂಯಿನ್ಸ್ ಎವೆರಿಥಿಂಗ್. ಪ್ಲೀಸ್ ಟಾಕ್ ಟು ಹರ್.” ಮಗಳ ಮದುವೆಯಲ್ಲೂ ನನ್ನ ತಪ್ಪೇ ಅಕ್ಕನನ್ನು ಮಂಟಪದಿಂದ ಇಳಿಸುತ್ತಿತ್ತು. ಇನ್ನು ತಡೆದುಕೊಳ್ಳಲಾಗಲಿಲ್ಲ. ಹೋದ ಶನಿವಾರ ಕಾರು ಹತ್ತಿ ನೇರ ಪ್ಲೇನ್‌ಫೀಲ್ಡ್‌ಗೆ ಹೋದೆ.

ಅಕ್ಕ ಹುರುಳಿಕಾಯಿ ಸೋಸುತ್ತಿದ್ದಳು. ಗರಾಜು, ಫೋನು, ಜೇಬು, ನಾನು ನಕ್ಕದ್ದು — ಒಂದನ್ನೂ ಬಿಡದೆ ಹೇಳಿದೆ. ಭಾವನ ಮಾತನ್ನು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಅರ್ಧ ತಪ್ಪನ್ನು ಸತ್ತವರ ತಲೆಗೆ ಕಟ್ಟಿದಂತಾಗುತ್ತಿತ್ತು. ಅವಳು ಕೈಯಲ್ಲಿದ್ದ ಕಾಯಿಯನ್ನು ತಟ್ಟೆಗೆ ಹಾಕಿದಳು.

“ಪ್ರತೀ ವರ್ಷ ತಿಥಿಗೆ ಬರ್ತಿದ್ಯಲ್ಲೋ,” ಎಂದಳು. “ಎಲೆ ಮುಂದೆ ಕೂತು ಊಟ ಮಾಡ್ಕೊಂಡು ಹೋಗ್ತಿದ್ಯಲ್ಲೋ.”

ಹೌದು ಎಂದೆ.

“ಮದುವೇಲಿ ನಾನು ಕೂತ್ಕೋತೀನಿ. ಧಾರೆ ನಾನೇ ಎರೀತೀನಿ.” “ನೀನು ಬರ್ಬೇಡ,” ಎಂದಳು.

ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಮೇಘನಾಳಿಗೆ ಇರುವುದು ನಾನೊಬ್ಬನೇ. ಆಫೀಸಿನಲ್ಲಿ ಕೆಲಸವಿತ್ತು, ಮೈಗೆ ಹುಷಾರಿರಲಿಲ್ಲ ಎಂದು ಏನಾದರೊಂದು ಹೇಳಿ ಎಲ್ಲರನ್ನೂ ನಂಬಿಸಬಹುದು. ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಆದರೆ ನಾಳೆ ಬೆಳಿಗ್ಗೆ ಮೇಘನಾಳಿಗೆ ನಾನೇ ಫೋನ್ ಮಾಡಿ, ಮಾಮ ಯಾಕೆ ಬರುವುದಿಲ್ಲ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.