ಕೆರೆಯ ಮೀನಿನ ಮೇಲೆ ಹೊರಿಸಿದ ಹೇನು

ಅನುಮಾನ ನನಗೆ ಹುಟ್ಟಿನಿಂದ ಬಂದದ್ದು. ಬೋಡಿ ಪೇಟೆಯಲ್ಲಿ ಏಲಕ್ಕಿ ಕೊಂಡರೆ ಅಂಗಡಿಯವನ ಎದುರಿಗೇ ನಾಲ್ಕು ಕಾಯಿ ಬಿಡಿಸಿ ಮೂಸುತ್ತೇನೆ. ಉಪ್ಪು ಹಾಕಿದ್ದೇನೆ ಎಂದು ಹೆಂಡತಿ ಹೇಳಿದರೂ ನಂಬದೆ ಇನ್ನೊಂದು ಚಿಟಿಕೆ ಹಾಕಿ ಸಾರು ಕೆಡಿಸಿದ್ದುಂಟು. ಅಂಥವನು ಕಂಬಂ ಕಡೆಯ ನಮ್ಮ ದ್ರಾಕ್ಷಿ ತೋಟದ ಮೂಲೆಯಲ್ಲಿ ಕೊಳ ತೋಡಿಸಿ ಮೀನು ಸಾಕಲು ಹೊರಟೆ.

ಬತ್ತಲಗುಂಡಿನ ವ್ಯಾಪಾರಿಯಿಂದ ಕಟ್ಲಾ, ರೋಹು ಮರಿಗಳನ್ನು ತಂದು ಬಿಟ್ಟೆ. ಎರಡು ತಿಂಗಳಾದ ಮೇಲೆ ಮೀನುಗಳು ಅಂಚಿನ ಕಲ್ಲಿಗೆ ಮೈ ಉಜ್ಜತೊಡಗಿದವು. ಹಿಡಿದು ನೋಡಿದರೆ ರೆಕ್ಕೆಯ ಬುಡದಲ್ಲಿ ಹೆಸರುಬೇಳೆಯಷ್ಟು ಚಪ್ಪಟೆ ಹುಳುಗಳು. ಉಗುರು ತಾಗಿಸಿದರೆ ಪಕ್ಕಕ್ಕೆ ಸರಿದವು. ಮೀನಿನ ಹೇನು. ಕಚ್ಚಿದ ಜಾಗವೆಲ್ಲ ಕೆಂಪಗಾಗಿತ್ತು.

ಯಾರಿಂದ ಬಂತೆಂದು ತೀರ್ಮಾನಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಊರ ಕೆರೆಯಲ್ಲಿ ಮೀನು ಹಿಡಿಯುವವನು ನನ್ನ ತಂಗಿಯ ಗಂಡ. ವರ್ಷದ ಮೊದಲ ಬಲೆ ಬೀಸಿದ ದಿನ ಅವನು ಹೆಂಡತಿಯ ತವರಿಗೆ ಒಂದು ಕೊಡ ಜೀವಂತ ಮೀನು ತರುತ್ತಾನೆ. ನಾವು ಹೆಣ್ಣು ಕೊಟ್ಟ ಮನೆಯಿಂದ ಬಂದ ಆ ಮೀನನ್ನೆಲ್ಲ ಕೊಯ್ಯಬಾರದು, ಒಂದು ಜೋಡಿಯನ್ನಾದರೂ ನಮ್ಮ ನೀರಿಗೆ ಬಿಡಬೇಕು; ನಮ್ಮಲ್ಲಿ ಅಜ್ಜಿಯ ಕಾಲದಿಂದ ಹಾಗೆ. ಹಿಂದೆ ಬಾವಿಗೆ ಬಿಡುತ್ತಿದ್ದೆವು. ಈ ಸಲ ಅಮ್ಮ ಕೊಳಕ್ಕೆ ಬಿಟ್ಟಿದ್ದಳು.

ಮುಂದೊಂದು ದಿನ ಅವನು ಇನ್ನೊಂದು ಕೊಡ ಮೀನು ತಂದಾಗ ಬಾಗಿಲಲ್ಲೇ ತಡೆದೆ. ಬೇಕೆಂದೇ ಹೇನು ತಂದು ಹಾಕಿದ್ದೀಯ, ನನ್ನ ಕೊಳ ಏಳಿಗೆಯಾದರೆ ನಿನ್ನ ಕೆರೆ ಮೀನನ್ನು ಯಾರೂ ಕೇಳುವುದಿಲ್ಲವಲ್ಲ ಎಂದೆ. ಅವನು ಮಾತಾಡದೆ ಕೊಡ ಹೊತ್ತು ಹೋದ. ಮಾತಾಡದ್ದೇ ನನಗೆ ಇನ್ನೊಂದು ಸಾಕ್ಷಿಯಾಯಿತು. ಅಂದಿನಿಂದ ತಂಗಿ ಬರಲಿಲ್ಲ, ಫೋನೂ ಎತ್ತಲಿಲ್ಲ. ಅಮ್ಮ ಬಡಿಸುವಾಗ ನನ್ನ ಮುಖ ನೋಡುವುದನ್ನು ಬಿಟ್ಟಳು.

ಅವನ ತಪ್ಪನ್ನು ತಿಳಿದವರ ಬಾಯಲ್ಲೇ ಹೇಳಿಸಬೇಕೆಂದು ತೇನಿಯಿಂದ ಮೀನುಗಾರಿಕೆ ಅಧಿಕಾರಿಯೊಬ್ಬರನ್ನು ಕರೆಸಿದೆ. ಅವರು ಕೇಳಿದ್ದು ಮರಿ ತಂದ ದಿನದ ಬಗ್ಗೆ. ವ್ಯಾಪಾರಿಯ ಮೇಲೂ ಅನುಮಾನವಿದ್ದುದರಿಂದ ಚೀಲ ಬಿಚ್ಚುವಾಗಲೇ ನಾನು ಫೋಟೊ ತೆಗೆದಿಟ್ಟಿದ್ದೆ. ಹೆಮ್ಮೆಯಿಂದ ತೋರಿಸಿದೆ. ಅವರು ಅದನ್ನು ಬೆರಳಿನಿಂದ ಹಿಗ್ಗಿಸಿದರು. ಮರಿಯ ಬೆನ್ನ ಮೇಲೆ ಅದೇ ಚಪ್ಪಟೆ ಚುಕ್ಕೆ. ಇನ್ನೊಂದರ ಮೇಲೂ. ಕೆರೆಯ ಮೀನು ನಮ್ಮ ಮನೆಗೆ ಬರುವ ಒಂದು ತಿಂಗಳ ಮೊದಲಿನ ಫೋಟೊ ಅದು.

ಕೊಳದ ನೀರನ್ನು ಎಲ್ಲಿಗೆ ಬಿಡುತ್ತೀರಿ ಎಂದು ಕೇಳಿದರು. ನೀರು ಹಸಿರಾಯಿತೆಂದು ಎರಡು ಸಲ ಅರ್ಧ ಕೊಳವನ್ನು ಕಾಲುವೆಗೆ ಹರಿಸಿದ್ದೆ. ಕಾಲುವೆ ಸೇರುವುದು ಕೆರೆಯನ್ನು. ಕೆರೆ ಮೀನಿನ ಮೈಯೂ ಕೆಂಪಾಗಿದೆ, ಸಂತೆಯಲ್ಲಿ ಯಾರೂ ಮುಟ್ಟುತ್ತಿಲ್ಲ ಎಂದು ಆಗ ಅಮ್ಮ ಬಾಯಿಬಿಟ್ಟಳು. ನಾಚಿಕೆಯಾಯಿತು; ಸುಳ್ಳೇಕೆ ಹೇಳಲಿ, ಅದಕ್ಕೂ ಮೊದಲು ಬತ್ತಲಗುಂಡಿನವನ ಮೇಲೆ ಸಿಟ್ಟು ಬಂತು.

ಮರುದಿನ ಬೆಳಗ್ಗೆ ನನ್ನ ಬಲೆಯನ್ನು ಹೆಗಲಿಗೆ ಹಾಕಿಕೊಂಡು ಕೆರೆಗೆ ಹೋದೆ. ಅವನು ಸೊಂಟದಷ್ಟು ನೀರಿನಲ್ಲಿದ್ದ. ತಂಗಿ ದಡದಲ್ಲಿ ಕೂತು ಕೆಟ್ಟ ಮೀನು ಆರಿಸಿ ಹಾಕುತ್ತಿದ್ದಳು. ಇಬ್ಬರಿಗೂ ಎಲ್ಲವನ್ನೂ ಹೇಳಿ ತಪ್ಪಾಯಿತು ಎಂದೆ. ತಂಗಿ ತಲೆಯೆತ್ತದೆಯೇ ಹೇಳಿದಳು:

“ನೀನು ಬೈದ ವಾರನೇ ನಿನ್ ಕಾಲುವೆ ಬಾಯಲ್ಲಿ ಸತ್ತ ಮೀನು ತೇಲ್ತು ಅಣ್ಣಾ. ಅವ್ರಿಗೆ ಆಗ್ಲೇ ತಿಳೀತು. ನನ್ ಅಣ್ಣ ಅಲ್ವಾ ಅಂತ ಅವ್ರು ಯಾರ್ ಹತ್ರನೂ ಹೇಳ್ಲಿಲ್ಲ.”

ಅವನ ಜೊತೆ ಎಳೆಯೋಣವೆಂದು ಪಂಚೆ ಎತ್ತಿ ಕಟ್ಟಿ ಬಲೆ ಹಿಡಿದು ನೀರಿಗೆ ಇಳಿಯಹೊರಟೆ. ಅವನು ಕೈ ಅಡ್ಡ ಹಿಡಿದ.

“ಬ್ಯಾಡ ಬಾವ. ಅದು ನಿಮ್ ಕೊಳದ ಬಲೆ ತಾನೆ? ಇನ್ನೂ ಒಣಗಿಲ್ಲ, ಹೇನು ಅಂಟಿರ್ತಾವೆ. ನೀವು ಮೇಲೇ ಇರಿ.”

ನಂಬದೆ ಮುಟ್ಟಿ ನೋಡಿದೆ. ಬಲೆ ಒದ್ದೆಯಾಗಿತ್ತು.