ಮಗಳನ್ನು ಬಿಟ್ಟು ಬರುತ್ತೀರಲ್ಲ?

ನನಗೊಬ್ಬಳು ಅಕ್ಕ ಇದ್ದಾಳೆ ಎನ್ನುವುದು ನನಗೆ ಬುದ್ಧಿ ತಿಳಿದಾಗಿನಿಂದ ಗೊತ್ತು. ಅವ್ವ ಅದನ್ನು ಮುಚ್ಚಿಟ್ಟವಳಲ್ಲ. ಕಳೆ ತೆಗೆಯುವ ಹೊಲದಲ್ಲಾಗಲಿ, ಬಸ್ಸಿನಲ್ಲಾಗಲಿ, ಯಾರಾದರೂ ಎಷ್ಟು ಮಕ್ಕಳು ಎಂದು ಕೇಳಿದರೆ "ಇಬ್ಬರು ಹೆಣ್ಣುಮಕ್ಕಳರಿ. ಒಬ್ಬಾಕಿ ದೂರ ಅದಾಳ" ಎನ್ನುತ್ತಿದ್ದಳು. ಎಷ್ಟು ದೂರ ಎನ್ನುವುದು ಆಕೆಗೂ ಗೊತ್ತಿರಲಿಲ್ಲ.

ಅವ್ವನ ತವರು ಆಳಂದ ತಾಲ್ಲೂಕಿನ ಮಟಕಿ. ಮೊದಲ ಗಂಡ ಕ್ಷಯದಿಂದ ಸತ್ತಾಗ ಆಕೆಯ ಮಡಿಲಲ್ಲಿ ಕೂಸಿತ್ತು. ಸ್ವಲ್ಪ ದಿನಕ್ಕೆ ಆಕೆಗೂ ಅದೇ ರೋಗ ಹತ್ತಿತು. ಕೆಮ್ಮಿದರೆ ರಕ್ತ ಬೀಳುತ್ತಿತ್ತಂತೆ. ಸೊಲ್ಲಾಪುರದ ಆಸ್ಪತ್ರೆಗೆ ಸೇರಿಸಿದಾಗ ಈಕೆ ಉಳಿಯುವುದಿಲ್ಲ ಎಂದು ಎಲ್ಲರೂ ಅಂದುಕೊಂಡರು. ಅವ್ವನೂ ಹಾಗೇ ಅಂದುಕೊಂಡಳು. ಅತ್ತೆಯ ಮನೆಯವರಿಗೆ ಹೆಣ್ಣುಕೂಸು ಬೇಡವಾಗಿತ್ತು. ತವರಿನಲ್ಲಿ ನೋಡಿಕೊಳ್ಳುವ ಹೆಂಗಸರೇ ಇರಲಿಲ್ಲ. ಸೊಲ್ಲಾಪುರದ ಅನಾಥ ಮಕ್ಕಳ ಮನೆಯವರು ಆಸ್ಪತ್ರೆಗೆ ಬಂದು, ಕೂಸಿಗೆ ಒಳ್ಳೆಯ ತಂದೆತಾಯಿಯನ್ನು ಹುಡುಕುತ್ತೇವೆ ಎಂದರು. ಅವ್ವ ಹೆಬ್ಬೆಟ್ಟು ಒತ್ತಿದಳು.

"ಸಾಯ್ತೇನಿ ಅಂತ ಕೊಟ್ಟೆ. ಸಾಯಲಿಲ್ಲ ನೋಡು."

ಅವ್ವ ಆ ಕತೆಯನ್ನು ಯಾವಾಗಲೂ ಇಷ್ಟರಲ್ಲೇ ಮುಗಿಸುತ್ತಿದ್ದಳು. ಔಷಧ ಹತ್ತಿ, ಮೈ ತುಂಬಿಕೊಂಡು, ಮಕ್ಕಳ ಮನೆಯ ಬಾಗಿಲಿಗೆ ಹೋಗಿ ನಿಂತಾಗ ಕೂಸು ವಿಮಾನ ಹತ್ತಿಹೋಗಿತ್ತು. ತಪ್ಪು ಮಾಡಿದರೆಂದು ಅವ್ವ ಯಾರನ್ನೂ ಬೈದದ್ದು ನಾನು ಕೇಳಿಲ್ಲ. ಆಮೇಲೆ ಅಫಜಲಪುರ ತಾಲ್ಲೂಕಿನ ಅತನೂರಿನ, ಗೋಡೆ ಕಟ್ಟುವ ಒಬ್ಬ ಗೌಂಡಿ, ಎಲ್ಲ ಗೊತ್ತಿದ್ದೂ, ಆಕೆಯನ್ನು ಮದುವೆಯಾದ. ಆತ ನನ್ನ ಅಪ್ಪ. ಈಗಿಲ್ಲ. ನಾನು ಜೇವರ್ಗಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯ ಪತ್ತೆಗೆ ಕಫ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಆ ಕೆಲಸವನ್ನೇ ಯಾಕೆ ಆರಿಸಿಕೊಂಡೆ ಎಂದು ಅವ್ವ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಕ್ಕ ನಮ್ಮನ್ನು ಹುಡುಕಿಕೊಂಡು ಬಂದದ್ದು ಮೂರು ವರ್ಷದ ಹಿಂದೆ. ಮೊದಲು ಸೊಲ್ಲಾಪುರದಿಂದ ಯಾರೋ ಫೋನ್ ಮಾಡಿದರು, ಆಮೇಲೆ ಎಂಜಲಿನ ಡಿಎನ್‌ಎ ಪರೀಕ್ಷೆ ಆಯಿತು, ರಕ್ತಸಂಬಂಧ ಖಾತ್ರಿಯಾಯಿತು. ಒಂದು ಮಧ್ಯಾಹ್ನ ನಮ್ಮ ಮನೆಯ ಮುಂದೆ ಬಾಡಿಗೆ ಕಾರು ನಿಂತಿತು. ಇಳಿದವಳ ಉಡುಪು, ನಡಿಗೆ ಎಲ್ಲ ಪರದೇಶದ್ದು. ಹಣೆ ಮತ್ತು ಗದ್ದ ಮಾತ್ರ ಅವ್ವನವು. ಅವ್ವ ಹೊಸ್ತಿಲಲ್ಲೇ ಆಕೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ. ನನ್ನ ಅರೆಬರೆ ಇಂಗ್ಲಿಷೇ ಸೇತುವೆ.

ರೊಟ್ಟಿ, ಪುಂಡಿಪಲ್ಯ ಬಡಿಸಿ ಎದುರು ಕೂತ ಅವ್ವ ಕೇಳಿದ್ದು ಒಂದೇ ಮಾತು. "ನಿನಗ ಯಾರು ಸಾಕ್ಯಾರ?"

ಅಕ್ಕ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದಳು. ಬಿಳಿ ಕೂದಲಿನ, ತೆಳ್ಳನೆಯ ಹೆಂಗಸು, ಹೂವಿನ ಕುಂಡದ ಪಕ್ಕ ನಿಂತು ನಗುತ್ತಿದ್ದಳು. ಅವ್ವ ಆ ಮೊಬೈಲನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಅಲ್ಲಿಂದ ಮುಂದೆ ಆಕೆಯನ್ನು 'ಆ ತಾಯಿ' ಎಂದೇ ಕರೆಯತೊಡಗಿದಳು.

ಮಾರನೆಯ ವರ್ಷ ಅಕ್ಕ ಅಳುತ್ತ ಫೋನ್ ಮಾಡಿದಳು. ಆ ತಾಯಿಗೆ ಕ್ಯಾನ್ಸರ್, ವೈದ್ಯರು ಕೈಬಿಟ್ಟಿದ್ದಾರೆ. ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ. ಆದರೆ ಸಾಯುವ ಮೊದಲು ಅವ್ವನನ್ನು ಒಮ್ಮೆ ಕಣ್ಣಾರೆ ನೋಡಬೇಕಂತೆ. ನಾನು ಅಷ್ಟನ್ನೂ ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅವ್ವ ಎದ್ದು ನಿಂತಿದ್ದಳು.

"ಹೋಗೂಣು. ನನ್ನ ಕೂಸಿಗಿ ಎದಿಗಿ ಹಚ್ಕೊಂಡು ಬೆಳಸ್ಯಾಳ. ಅಕಿ ಕರದ ಮ್ಯಾಲ ಹೋಗಲಿಲ್ಲಂದ್ರ ಹ್ಯಾಂಗ?"

ಪಾಸ್‌ಪೋರ್ಟು ಮಾಡಿಸಿದೆವು. ನಾನು ಇಲಾಖೆಯ ಅನುಮತಿಗಾಗಿ ಓಡಾಡಿದೆ. ಹದಿನೈದು ದಿನದ ಭೇಟಿಗೆ ಅಲ್ಪಾವಧಿಯ ವೀಸಾ ಸಾಕು ಎಂದು ಕಲಬುರಗಿಯ ಏಜೆಂಟ್ ಹೇಳಿದ. ಅರ್ಜಿ ತುಂಬುವಾಗ ಕರೆಸಿಕೊಳ್ಳುವ ಅಕ್ಕನಿಗೂ ಅವ್ವನಿಗೂ ಏನು ಸಂಬಂಧ ಎನ್ನುವ ಕಡೆ ಆತ ನಿಂತ. "ಮೇಡಂ, ಕಾನೂನಿನ ಪ್ರಕಾರ ಇವರು ಅವರ ತಾಯಿ ಅಲ್ಲರಿ. ದತ್ತು ಕೊಟ್ಟ ಮ್ಯಾಲ ಸಂಬಂಧ ಮುಗೀತು. ಪರಿಚಯದವರು ಅಂತ ಹಾಕೂಣು, ಸರಳ ಆಗ್ತದ."

ಅವ್ವನಿಗೆ ಅರ್ಥವಾಯಿತು. "ಪರಿಚಯ ಎಲ್ಲಿಂದ ಬರ್ತದೋ ತಮ್ಮಾ? ನಾ ಹಡದೇನಿ. ಹಂಗೇ ಬರಿ."

ಆತ ಹಾಗೆಯೇ ಬರೆದ. ಎಂಜಲಿನ ಪರೀಕ್ಷೆಯ ವರದಿ, ಆ ತಾಯಿಯ ವೈದ್ಯರ ಪತ್ರ ಎಲ್ಲ ಸೇರಿಸಿದ. ಕೆಲವು ವಾರದ ಮೇಲೆ ಮುಂಬೈಯ ದೂತಾವಾಸದಿಂದ ಇಬ್ಬರಿಗೂ ಸಂದರ್ಶನಕ್ಕೆ ಕರೆ ಬಂತು.

ಅವ್ವ ನೀಲಿ ಅಂಚಿನ ಬಿಳಿ ಸೀರೆ ಉಟ್ಟಿದ್ದಳು. ಒಳಗೆ ಹೋಗುವಾಗ ಕಾವಲಿನವರು ಆಕೆಯ ಎಲೆಯಡಿಕೆಯ ಚಂಚಿಯನ್ನು ತೆಗೆದಿರಿಸಿಕೊಂಡರು. ಒಳಗೆ ತಣ್ಣಗೆ ಎ.ಸಿ., ಸಾಲು ಕುರ್ಚಿ, ಗಾಜಿನ ಕಿಟಕಿ. ಅಧಿಕಾರಿ ನನ್ನ ವಯಸ್ಸಿನವಳು, ಪರದೇಶದವಳು. ಪಕ್ಕದಲ್ಲಿ ದುಭಾಷಿ ಹೆಂಗಸು. ಅವರಲ್ಲಿ ಕನ್ನಡ ಬಲ್ಲವರಿರಲಿಲ್ಲ. ಗಡಿಸೀಮೆಯಲ್ಲಿ ಬೆಳೆದ ಅವ್ವನಿಗೆ ಮರಾಠಿ ಚೆನ್ನಾಗಿ ಬರುತ್ತಿದ್ದುದರಿಂದ ಮರಾಠಿಯಲ್ಲೇ ಮಾತು ಎಂದಾಯಿತು. ತಾಯಿಗೆ ಕೇಳಿದ್ದಕ್ಕೆ ತಾಯಿಯೇ ಉತ್ತರ ಕೊಡಬೇಕು, ನಡುವೆ ಬಾಯಿ ಹಾಕಬೇಡಿ ಎಂದು ನನಗೆ ಮೊದಲೇ ಹೇಳಿದರು.

ಅಧಿಕಾರಿ ಒರಟಾಗಿ ಮಾತಾಡಲಿಲ್ಲ. ನಿಧಾನವಾಗಿ ಕೇಳಿದಳು. ಹೊಲ ಇದೆಯೇ? ಇಲ್ಲ. ಮನೆ? ಬಾಡಿಗೆಯದು. ಗಂಡ? ಇಲ್ಲ. ಅಲ್ಲಿ ಯಾರಿದ್ದಾರೆ? "ನನ್ನ ದೊಡ್ಡ ಮಗಳು, ಆಕಿಗಿ ಸಾಕಿದಾಕಿ." ಯಾಕೆ ಹೋಗುತ್ತಿದ್ದೀರಿ? "ಆ ತಾಯಿ ಸಾಯಾಕತ್ತಾಳ. ಅಕಿ ಕಾಲಿಗಿ ಕೈ ಮುಟ್ಟಿಸಬೇಕು." ಅವ್ವ ಒಂದಕ್ಕೂ ತಡವರಿಸಲಿಲ್ಲ. ಅಧಿಕಾರಿಯ ಮುಖ ಮೆತ್ತಗಾಗುತ್ತಿತ್ತು. ಆಗುತ್ತದೆ, ಕೊಡುತ್ತಾರೆ ಎಂದು ನನಗೆ ಧೈರ್ಯ ಬಂತು.

ಆಮೇಲೆ ಆಕೆ ಏನೋ ಕೇಳಿದಳು. ಭೇಟಿ ಮುಗಿದ ಮೇಲೆ ನಿಮ್ಮ ದೇಶಕ್ಕೆ ಮರಳುತ್ತೀರಾ ಎಂಬಂಥ ಸಾಮಾನ್ಯ ಪ್ರಶ್ನೆ, ಎಲ್ಲರಿಗೂ ಕೇಳುವುದೇ. ದುಭಾಷಿ ಅದನ್ನು ಒಳ್ಳೆಯ ಮನಸ್ಸಿನಿಂದಲೇ ತನ್ನ ಮಾತಿನಲ್ಲಿ ತಿರುಗಿಸಿದಳು: "ಆಯೀ, ಮುಲೀಲಾ ಸೋಡೂನ ಪರತ ಯೇಣಾರ ನಾ?" ಮಗಳನ್ನು ಬಿಟ್ಟು ವಾಪಸು ಬರುತ್ತೀರಲ್ಲ?

ಅವ್ವನ ಬಾಯಿ ಕಟ್ಟಿತು.

ದುಭಾಷಿ ಇನ್ನೊಮ್ಮೆ ಕೇಳಿದಳು. ನಾನು ಅವ್ವನ ಮೊಣಕೈ ಮುಟ್ಟಿದೆ. ಹೂಂ ಅನ್ನು ಅವ್ವಾ, ಒಂದು ಸಲ ಹೂಂ ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವ್ವ ಗಾಜಿನ ಆಚೆಗೆ ನೋಡುತ್ತ ನಿಂತಳು. ಕಣ್ಣಿಂದ ನೀರು ಇಳಿಯತೊಡಗಿತು. ಕೊನೆಗೆ ತಲೆ ಅಲ್ಲಾಡಿಸಿ ಮರಾಠಿಯಲ್ಲಿ ಅಂದಳು, "ಅದೊಂದು ನನ್ನ ಬಾಯಿಂದ ಅನ್ಸಬ್ಯಾಡ್ರಿ."

ನಾನು ತಡೆಯಲಾರದೆ ಇಂಗ್ಲಿಷಿನಲ್ಲಿ ಏನೇನೋ ಹೇಳಿದೆ. ನನಗೆ ಸರ್ಕಾರಿ ಕೆಲಸವಿದೆ, ನಾನೇ ಕರೆದುಕೊಂಡು ಬರುತ್ತೇನೆ, ಆಕೆಗೆ ಪ್ರಶ್ನೆ ಬೇರೆ ರೀತಿ ಕೇಳಿಸಿದೆ ಎಂದೆ. ಅಧಿಕಾರಿ ಕೇಳಿಸಿಕೊಂಡಳು. ಬರೆದುಕೊಂಡಳು. ಫಲಿತಾಂಶ ತಿಳಿಸುತ್ತೇವೆ ಎಂದಳು.

ಹೊರಗೆ ಫುಟ್‌ಪಾತಿನ ಮೇಲೆ ಒಂದು ಚಹಾದ ಗಾಡಿಯಿತ್ತು. ಅಲ್ಲಿನ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ನನಗೆ ಸಿಟ್ಟು ಬಂದಿತ್ತು.

"ಹೂಂ ಅಂದಿದ್ರ ಮುಗೀತಿತ್ತಲ್ಲವ್ವಾ. ಯಾಕ ಸುಮ್ಮನಾದಿ?"

"ಒಮ್ಮೆ ಬಿಟ್ಟೇನಿ. ಮತ್ತೊಮ್ಮೆ ಬಿಟ್ಟು ಬರ್ತೇನಿ ಅಂತ ಬಾಯಿಲೆ ಹ್ಯಾಂಗ ಅನ್ಲಿ, ಯವ್ವಾ? ಅವತ್ತೂ ಹಿಂಗೇ ಕೇಳಿದ್ರು. ಕೂಸಿಗಿ ಬಿಡ್ತೀಯೇನಂತ. ಹೂಂ ಅಂದಿದ್ದೆ."

ಚಹಾ ಆರಿಹೋಗುತ್ತಿತ್ತು. ಕೇಳಬಾರದೆಂದುಕೊಂಡರೂ ಕೇಳಿಬಿಟ್ಟೆ. "ಮತ್ತ ನಾ? ಇಲ್ಲಿ ನನ್ನ ಹತ್ರ ಬರಬೇಕು ಅಂತ ನಿನಗ ಅನ್ನಿಸಲಿಲ್ಲೇನು?"

ಅವ್ವ ನನ್ನ ಕಡೆ ತಿರುಗಿ ನೋಡಿದಳು. ನಾನು ಕೇಳಿದ್ದು ಏನೆಂದು ತಿಳಿಯದವಳ ಹಾಗೆ.

"ನಿನಗ ನಾ ಎಂದೂ ಬಿಟ್ಟಿಲ್ಲಲ್ಲ. ಅದಕ್ಕ ನಿನ್ನ ನೆನಪಾಗಲಿಲ್ಲ ನೋಡು."

ಆ ಮಾತಿನಲ್ಲಿ ಪ್ರೀತಿ ಇತ್ತು ಎಂದು ನನಗೆ ಗೊತ್ತು. ಆದರೂ ಅದು ನನಗೆ ನೋವು ಮಾಡಿತು, ಈಗಲೂ ಮಾಡುತ್ತದೆ.

ಇಬ್ಬರ ವೀಸಾವೂ ನಿರಾಕರಣೆಯಾಯಿತು. ಭೇಟಿ ಮುಗಿದ ಮೇಲೆ ಮರಳುವರೆಂಬ ಭರವಸೆ ಇಲ್ಲ ಎಂದು ಕಾರಣ ಕೊಟ್ಟಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಬರೆಯುತ್ತಿದ್ದೆನೇನೋ. ಮೇಲ್ಮನವಿ ಸಲ್ಲಿಸಬಹುದಿತ್ತು, ಅಷ್ಟು ವೇಳೆ ಆ ತಾಯಿಗಿರಲಿಲ್ಲ.

ಒಂದು ಭಾನುವಾರ ಅಕ್ಕ ಆಸ್ಪತ್ರೆಯ ಹಾಸಿಗೆಯ ಪಕ್ಕದಿಂದ ವಿಡಿಯೊ ಕರೆ ಮಾಡಿದಳು. ಫೋಟೊದಲ್ಲಿದ್ದ ಹೆಂಗಸು ದಿಂಬಿನಲ್ಲಿ ಅರ್ಧ ಮುಳುಗಿದ್ದಳು. ಅವ್ವನನ್ನು ಕಂಡು ಆಕೆ ಕೈ ಎತ್ತಲು ನೋಡಿದಳು. ಆಮೇಲೆ ತನ್ನ ಭಾಷೆಯಲ್ಲಿ ತಡೆ ತಡೆದು ಬಹಳ ಹೊತ್ತು ಮಾತಾಡಿದಳು. ಅದನ್ನು ಇಂಗ್ಲಿಷಿಗೆ ತಿರುಗಿಸಿ ನನಗೆ ಹೇಳಬೇಕಾದ ಅಕ್ಕ ಅಳುತ್ತಿದ್ದಳು, ಹೇಳಲಿಲ್ಲ. ಅವ್ವ ಕಾಯಲಿಲ್ಲ. ಪರದೆಗೆ ಹತ್ತಿರ ಬಾಗಿ ಕನ್ನಡದಲ್ಲೇ ಮಾತಾಡಿದಳು.

"ಬರಬೇಕಂದಿದ್ದೆ ತಾಯಿ, ಬರಾಕ ಆಗಲಿಲ್ಲ. ಕೂಸಿಗಿ ಛಲೋ ನೋಡಿಕೊಂಡೀದಿ. ನಿನ್ನ ಹೊಟ್ಟಿ ತಣ್ಣಗಿರಲಿ. ಈಗ ಮಲಕೋ, ದಣದೀದಿ."

ಆ ತಾಯಿ ಕಣ್ಣು ಮುಚ್ಚಿದಳು. ಅವ್ವ ಪರದೆಯ ಮೇಲೆ ಆಕೆಯ ತಲೆ ಕಾಣುವ ಕಡೆ ಬೆರಳಾಡಿಸಿದಳು. ಬೆರಳು ತಾಗಿ ಕರೆ ಕಡಿದುಹೋಯಿತು.

ಆ ವಾರ ಕಳೆಯುವುದರೊಳಗೆ ಆಕೆ ತೀರಿಕೊಂಡಳು. ಅವ್ವ ಅಂದು ಒಲೆ ಹೊತ್ತಿಸಗೊಡಲಿಲ್ಲ. ನಮ್ಮ ಮನೆಯ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ಒಡಹುಟ್ಟಿದವಳನ್ನು ಕಳೆದುಕೊಂಡವಳ ಹಾಗೆ ಗೋಡೆಗೆ ಒರಗಿ ಕೂತಳು. ಓಣಿಯ ಹೆಂಗಸರು ಬಂದು ಯಾರು ಹೋದರು ಎಂದು ಕೇಳಿದರು. "ನನ್ನ ಮಗಳ ತಾಯಿ" ಎಂದಳು. ಅವರಿಗೆ ತಿಳಿಯಲಿಲ್ಲ, ಆದರೂ ಪಕ್ಕದಲ್ಲಿ ಕೂತರು.

ಮತ್ತೆ ಅರ್ಜಿ ಹಾಕೋಣ, ಈ ಸಲ ಅವ್ವನಿಗೆ ಮೊದಲೇ ತಿಳಿಸಿ ಹೇಳು ಎಂದು ಅಕ್ಕ ಹಲವು ಸಲ ಹೇಳಿದ್ದಾಳೆ. ನಾನೂ ಹೇಳಿ ನೋಡಿದೆ. ಅದು ಬರೀ ಕೇಳುವ ರೀತಿ, ಅವರ ಮನಸ್ಸಿನಲ್ಲಿ ಬೇರೇನೂ ಇರುವುದಿಲ್ಲ ಎಂದೆ. ಅವ್ವ ಜೋಳ ಹಸನು ಮಾಡುತ್ತ ಕೇಳಿಸಿಕೊಂಡಳು.

"ಮತ್ತ ಅದೇ ಕೇಳ್ತಾರ," ಎಂದಳು. "ಅಕಿಗೇ ಬಾ ಅನ್ನು."

ಈಚೆಗೆ ಅವ್ವನಿಗೆ ನಾಲ್ಕು ಹೆಜ್ಜೆ ನಡೆದರೆ ದಮ್ಮು ಕಟ್ಟುತ್ತದೆ. ಹಳೆಯ ರೋಗ ತಿಂದುಹೋದ ಪುಪ್ಪುಸ. ಎಕ್ಸ್‌ರೇ ನೋಡಿದ್ದೇನೆ, ಮುಂದಿನದು ನನಗೆ ಗೊತ್ತು. ಚಳಿಗಾಲದಲ್ಲಿ ಬರುತ್ತೇನೆ ಎಂದು ಅಕ್ಕ ಹೇಳಿದ್ದಾಳೆ. ಸ್ವಲ್ಪ ಮೊದಲೇ ಬಾ ಎಂದು ನಾನು ಬರೆದಿದ್ದೇನೆ.