ಕಲ್ಲಿನೊಳಗಿನ ನೂಲು

ನನ್ನ ತಂಗಿ ನನಗೆ ಒಪ್ಪಿಸಿದ್ದು ಒಂದು ಫೋಟೋ ತೆಗೆಯುವ ಕೆಲಸ, ಅಷ್ಟೇ. ಬಿಸಿಲು ಓರೆಯಾಗಿ ಬೀಳುವವರೆಗೆ ಕಾಯಬೇಕು, ಕಲ್ಲನ್ನು ಮುಟ್ಟಬಾರದು ಎಂದಿದ್ದಳು. ನಾನು ಕಾಯಲಿಲ್ಲ, ಕಲ್ಲನ್ನು ಮುಟ್ಟದೆ ಬಿಡಲೂ ಇಲ್ಲ. ಅದಕ್ಕಾದರೂ ಏನೋ ಒಂದು ನೆಪ ಹೇಳಿಕೊಳ್ಳಬಹುದು. ಆದರೆ ಆಮೇಲೆ ಅವಳು ಫೋನಿನಲ್ಲಿ ಕೇಳಿದಾಗ ನಿಜ ಹೇಳಲಿಲ್ಲವಲ್ಲ, ಅದಕ್ಕೆ ನನ್ನ ಹತ್ತಿರ ನೆಪವೂ ಇಲ್ಲ.

ನಾನು ಸವದತ್ತಿಯಲ್ಲಿ ಪೇಂಟರ್. ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಅಪ್ಪನ ಜೊತೆ ಬ್ರಶ್ ಹಿಡಿದವನು. ಒಂದು ಕಾಲಕ್ಕೆ ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಅಂಗಡಿಗಳ ಮೇಲೆಲ್ಲ ನನ್ನ ಕೈಯ ಬೋರ್ಡುಗಳಿದ್ದವು. ಇಂಗ್ಲಿಷ್ ಅಕ್ಷರಗಳನ್ನು ಅಚ್ಚು ಒತ್ತಿದ ಹಾಗೆ ಬರೆಯುತ್ತೇನೆ. ಬರೆದದ್ದನ್ನು ಓದು ಅಂದರೆ ತಡವರಿಸುತ್ತೇನೆ. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಸುವವರು ಕಡಿಮೆಯಾದರು. ಈಗ ಮನೆಗಳ ಗೋಡೆಗೆ ಬಣ್ಣ ಹಚ್ಚುವುದೇ ಹೆಚ್ಚು.

ತಂಗಿ ಓದಿದಳು. ಧಾರವಾಡದಲ್ಲಿ ಇತಿಹಾಸ ಓದಿ, ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ. ಅತಿಥಿ ಎಂದರೆ ಪ್ರತಿ ವರ್ಷ ಮತ್ತೆ ಅರ್ಜಿ ಹಾಕಿ ಕರೆ ಬರುವುದನ್ನು ಕಾಯುವವಳು. ಒಳ್ಳೆಯ ಸಂಶೋಧನಾ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂದರೆ ಆ ಕಾಯುವುದು ತುಸು ಕಡಿಮೆಯಾದೀತು ಎಂಬ ಆಸೆ ಅವಳಿಗೆ.

ರವಿವಾರ ಮುಂಜಾನೆ ಅವಳು ಬಸ್ಸಿಗೆ ಸವದತ್ತಿಗೆ ಬರುವಳು. ಅಲ್ಲಿಂದ ನನ್ನ ಬೈಕು. ಹೂಲಿಯ ಗುಡಿಗಳ ಸುತ್ತ, ಕೆರೆ ದಂಡೆ, ಹೊಲದ ಬದು, ಎಲ್ಲಿ ಹಳೆಯ ಸ್ಮಾರಕದ ಕಲ್ಲು ಇದೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ. ಹಳೆಯ ಕಲ್ಲಿಗೆ ಬಿಸಿಲು ನೇರ ಬಿದ್ದರೆ ಏನೂ ಕಾಣುವುದಿಲ್ಲ. ಬೆಳಕು ಪಕ್ಕದಿಂದ ಸವರಿಕೊಂಡು ಹೋಗಬೇಕು, ಆಗ ಸವೆದ ಗೆರೆಯೂ ಮೇಲೆದ್ದು ಬರುತ್ತದೆ. ಅದಕ್ಕೆ ಅಪ್ಪ ದಾಡಿ ಮಾಡಿಕೊಳ್ಳುತ್ತಿದ್ದ ಕನ್ನಡಿಯನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ. ಕನ್ನಡಿ ಹಿಡಿಯುವುದು ನನ್ನ ಕೆಲಸ, ನೋಡುವುದು ಅವಳ ಕೆಲಸ.

‘ಅಣ್ಣಾ, ಸ್ವಲ್ಪ ಕೆಳಗ ಹಿಡಿ. ಏ, ನನ್ನ ಕಣ್ಣಿಗೆ ಹೊಡಿಬ್ಯಾಡೋ!’

‘ನೀನಽ ಸರಕೋ. ಕಲ್ಲಂತೂ ಸರಿಯಂಗಿಲ್ಲ.’

ಹೀಗೇ ಒಂದು ರವಿವಾರ, ತೊರಗಲ್ಲಿನ ಕಡೆ ಹೋಗುವ ದಾರಿಯಲ್ಲಿ, ಒಬ್ಬ ವಯಸ್ಸಾದ ಕಾಕಾನ ಜೋಳದ ಹೊಲದ ಬದುವಿನಲ್ಲಿ ಆ ಕಲ್ಲು ಸಿಕ್ಕಿತು. ಸೀತನಿಯ ಕಾಲ. ಕಾಕಾ ಕುಳ್ಳಿನ ಕೆಂಡದಲ್ಲಿ ಎಳೆ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿ ಕಾಳನ್ನು ನಮ್ಮ ಕೈಗೆ ಸುರಿಯುತ್ತಿದ್ದ. ಕಲ್ಲಿನಲ್ಲಿ ಒಬ್ಬ ಹೆಣ್ಣುಮಗಳು, ಒಂದು ಕೈ ಮೇಲೆತ್ತಿದ್ದಾಳೆ, ಕೈತುಂಬ ಬಳೆ. ಮಾಸ್ತಿಗಲ್ಲು ಎಂದು ಕಾಕಾ ಹೇಳಿದ. ಗಂಡನ ಚಿತೆ ಏರಿದವಳ ಕಲ್ಲು. ಅಂಥವನ್ನು ನಾವು ಬಹಳ ನೋಡಿದ್ದೆವು. ಹೊರಡುವ ಮುಂಚೆ ಸುಮ್ಮನೆ ಕನ್ನಡಿ ತಿರುಗಿಸಿದೆ. ಎತ್ತಿದ ಕೈಯಿಂದ ಕೆಳಗಿನ ಕೈಯವರೆಗೆ ಕೂದಲೆಳೆಯಷ್ಟು ತೆಳ್ಳಗಿನ ಒಂದು ಗೆರೆ ಎದ್ದು ಬಂತು. ಅದರ ತುದಿಗೆ ಸಣ್ಣದೊಂದು ಬಿಲ್ಲೆ.

‘ಅಣ್ಣಾ, ಅಳ್ಳಾಡಿಸಬ್ಯಾಡ, ಹಂಗಽ ಹಿಡಿ,’ ಅಂದಳು ತಂಗಿ. ದನಿ ಸಣ್ಣದಾಗಿತ್ತು. ‘ಇದು ಕದರು. ನಮ್ಮ ಓಣ್ಯಾಗ ಆಯಿ ಉಣ್ಣಿ ನೂಲತಿದ್ಲಲ್ಲ, ಹಂಗಽ. ಈಕಿ ನೂಲಾಕತ್ತಾಳ ಅಣ್ಣಾ.’

ಕಾಕಾ ಬಗ್ಗಿ ನೋಡಿದ. ‘ಅಂದ್ರ ಈಕಿ ಸುಟಗೊಂಡು ಸತ್ತಾಕಿ ಅಲ್ಲೇನವಾ?’

‘ಅಲ್ಲರಿ ಕಾಕಾ. ದುಡದು ತಿಂದಾಕಿ ಇರಬೇಕು.’

‘ಚಲೋ ಆತು ಬಿಡು. ಇಷ್ಟ ದಿನ ಅಂಜಿ ಕೈ ಮುಗೀತಿದ್ದೆ. ಇನ್ನ ಮ್ಯಾಲ ಮಾತಾಡಿಸ್ಕೋತ ಹೋಗತೇನಿ.’

ಅವತ್ತು ಅವಳ ಹಳೆಯ ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಗೆರೆ ಅರ್ಧ ಕಂಡಿತು, ಅರ್ಧ ಕಾಣಲಿಲ್ಲ. ಮತ್ತೊಮ್ಮೆ ಬಂದರಾಯಿತು ಎಂದುಕೊಂಡೆವು.

ಪ್ರಬಂಧ ಬರೆದು ಮುಗಿಸಿದ್ದು ಬೇಸಿಗೆ ರಜೆಯಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು. ಬರೆದು ಮುಗಿಸಿದರೂ ಮುಗಿಯಲಿಲ್ಲ. ಅದನ್ನು ಪತ್ರಿಕೆಯವರ ವೆಬ್‌ಸೈಟಿಗೆ ಹಾಕಬೇಕು. ಸಾರಾಂಶ ಬೇರೆ, ಫೋಟೋ ಬೇರೆ, ಪ್ರತಿ ಫೋಟೋದ ಕೆಳಗಿನ ಸಾಲು ಬೇರೆ. ಇದನ್ನು ಇನ್ನೆಲ್ಲೂ ಕಳಿಸಿಲ್ಲ ಎಂಬ ಒಪ್ಪಿಗೆ. ಕೊನೆಗೆ ಪ್ರಬಂಧದೊಳಗೆ ಎಲ್ಲೂ ಬರೆದವರ ಗುರುತು ಉಳಿಯಬಾರದು ಎಂದು ಅವಳು ತನ್ನ ಹೆಸರನ್ನೇ ಅಳಿಸಿದಳು.

‘ಅಚ್ಚು ಹಾಕಬೇಕೋ ಬ್ಯಾಡೋ ಅಂತ ಓದಿ ಹೇಳೋರಿಗೆ ಯಾರು ಬರದಾರ ಅನ್ನೋದು ಗೊತ್ತಾಗಬಾರದು, ಓದಿದೋರು ಯಾರಂತ ನನಗೂ ಗೊತ್ತಾಗಂಗಿಲ್ಲ.’

‘ಹಂಗಾರ ಹೆಣ್ಣು ನೋಡಾಕ ಬಂದೋರು ಬಾಗಲ ಸಂದ್ಯಾಗಿಂದ ನೋಡಿ ಹೋದಂಗಾತು.’

‘ಹಂಗಽ. ಒಲ್ಲೆ ಅಂದ್ರ ಕಾರಣಾ ಬರದು ಕಳಸತಾರ, ಅದೊಂದ ಚಲೋದು.’ ನಕ್ಕಳು. ಆಮೇಲೆ ಕೊನೆಯ ಒಂದು ಸಾಲನ್ನೂ ಅಳಿಸಿದಳು. ‘ಇದು ನಿನಗ ಉಪಕಾರ ನೆನದಿದ್ದು. ಈಗ ತೆಗೀತೇನಿ. ಒಪ್ಪಿದ ಮ್ಯಾಲ ನನ್ನ ಹೆಸರು, ನಿನ್ನ ಹೆಸರು ಎರಡೂ ಹಚ್ಚತೇನಿ.’

ಕಳಿಸುವ ಬಟನ್ನನ್ನು ನನ್ನ ಕೈಯಿಂದಲೇ ಒತ್ತಿಸಿದಳು. ನನ್ನ ಬೆರಳಿಗೆ ಒಣಗಿದ ಹಳದಿ ಬಣ್ಣ ಅಂಟಿತ್ತು.

ಉತ್ತರ ಬಂದಿದ್ದು ಶ್ರಾವಣದಲ್ಲಿ. ಓದಿದವರಲ್ಲಿ ಒಬ್ಬರು ಒಪ್ಪಿದ್ದರು. ಇನ್ನೊಬ್ಬರು, ಎತ್ತಿದ ಕೈಯ ಇಂಥ ಕಲ್ಲುಗಳು ಮಾಸ್ತಿಗಲ್ಲುಗಳೇ, ನೀವು ಹೇಳುವ ನೂಲು ಫೋಟೋದಲ್ಲಿ ಕಾಣುವುದಿಲ್ಲ, ಸ್ಪಷ್ಟವಾದ ಫೋಟೋ ಕಳಿಸಿ, ಇಲ್ಲವಾದರೆ ಆ ಭಾಗ ತೆಗೆಯಿರಿ ಎಂದಿದ್ದರು. ತಿಂಗಳ ಕೊನೆಯ ತನಕ ಗಡುವು. ಕಾಲೇಜಿನಲ್ಲಿ ಪರೀಕ್ಷೆ ನಡೆದಿತ್ತು, ಅವಳಿಗೆ ರವಿವಾರವೂ ಬಿಡುವು ಸಿಗಲಿಲ್ಲ. ಕಲ್ಲಿಗೆ ಹತ್ತಿರ ಇದ್ದವನು ನಾನು.

ನಾನು ಹೋದ ದಿನ ಮೋಡ. ಕರಿಮಣ್ಣು ಚಪ್ಪಲಿಗೆ ಹತ್ತಿ ಕಾಲು ಎತ್ತಲಾಗುತ್ತಿರಲಿಲ್ಲ. ಬಿಸಿಲೇ ಇಲ್ಲದೆ ಕನ್ನಡಿ ಏನು ಮಾಡೀತು? ಫೋಟೋ ತೆಗೆದೆ, ಬರೀ ಬೂದು ಬಣ್ಣ ಬಂತು. ರಾಮದುರ್ಗದಲ್ಲಿ ಬಣ್ಣದ ಕೆಲಸ ಹಿಡಿದಿದ್ದ ಮನೆಯ ಮಾಲಕರು ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು. ‘ಎಲ್ಲಿ ಅದೀಯೋ ಪೇಂಟರ್? ಗೃಹಪ್ರವೇಶ ನಿಮ್ಮ ಮನೀದೋ ನಮ್ಮ ಮನೀದೋ?’ ಗಡುವಿಗೆ ಇನ್ನೂ ದಿನಗಳಿದ್ದವು. ಹೋಗಿ ಮತ್ತೆ ಬರಬಹುದಿತ್ತು.

ಬ್ಯಾಗಿನಲ್ಲಿ ಬಿಳಿ ಆಯಿಲ್ ಪೇಂಟಿನ ಸಣ್ಣ ಡಬ್ಬಿ ಇತ್ತು, ಬೋರ್ಡು ಬರೆಯುವ ತೆಳ್ಳಗಿನ ಬ್ರಶ್ ಇತ್ತು. ಕಾಣದಿದ್ದದ್ದನ್ನು ಕಾಣುವ ಹಾಗೆ ಮಾಡುವುದೇ ನನ್ನ ಕಸುಬು ಅಲ್ಲವೇ ಅನ್ನಿಸಿತು. ರಸ್ತೆಯ ಆಚೆಯಿಂದ ಓದುವ ಹಾಗೆ ಅಕ್ಷರ ಬರೆದವನಿಗೆ ಒಂದು ಗೆರೆ ಏನು ಮಹಾ? ಕಲ್ಲನ್ನು ಕರ್ಚೀಫಿನಿಂದ ಒರೆಸಿ, ಉಸಿರು ಬಿಗಿಹಿಡಿದು ಎಳೆದೆ. ಆ ಹೊತ್ತಿಗೆ ಕಲ್ಲಿನಲ್ಲಿ ಗೆರೆ ಕಾಣುತ್ತಿರಲಿಲ್ಲ. ನೆನಪಿತ್ತು, ನೆನಪಿದ್ದ ಕಡೆ ಎಳೆದೆ. ಫೋಟೋದಲ್ಲಿ ನೂಲು ಹೊಳೆಯಿತು. ನಿಜ ಹೇಳುತ್ತೇನೆ, ಆಗ ನನಗೆ ಹೆಮ್ಮೆಯಾಗಿತ್ತು.

ಕಳಿಸಿದ ಕೂಡಲೇ ಫೋನು ಬಂತು.

‘ಅಣ್ಣಾ, ಇದಕ್ಕ ಬಣ್ಣ ಯಾರು ಹಚ್ಯಾರ?’

ಅವಳ ದನಿ ಕೇಳಿದ ಮೇಲೆ ನನ್ನ ಕೆಲಸ ಎಂಥದೆಂದು ತಿಳಿಯಿತು. ‘ಊರವರು ಹಚ್ಚಿರಬೇಕವಾ. ನಾ ಹೋಗೋದ್ರಾಗ ಹಂಗಽ ಇತ್ತು.’

‘ಯಾರಿದ್ರ ಏನು,’ ಅಂದಳು. ‘ಇನ್ನ ಇದು ಕಲ್ಲು ಹೇಳಿದ್ದಲ್ಲ, ಬಣ್ಣ ಹೇಳಿದ್ದು. ಯಾರು ನಂಬತಾರ?’

ಮರುದಿನ ಥಿನ್ನರು, ತಂತಿ ಬ್ರಶ್ ತೆಗೆದುಕೊಂಡು ಹೋದೆ. ಥಿನ್ನರಿಗೆ ಬಣ್ಣ ಕರಗಿ ಕಲ್ಲಿನ ಸಣ್ಣ ಸಣ್ಣ ತೂತುಗಳೊಳಗೆ ಇಳಿಯಿತು. ತಂತಿ ಬ್ರಶ್ಶಿಗೆ ಬಣ್ಣದ ಜೊತೆ ಕಲ್ಲೂ ಪುಡಿಯಾಗಿ ಉದುರಿತು. ಆ ಜಾಗದಲ್ಲಿ ಒಂದು ಬೆಳ್ಳನೆಯ ಮಸುಕು ಉಳಿಯಿತು, ಒಳಗೆ ನೂಲಿಲ್ಲ. ಹಿಂದೆ ಕಾಕಾ ನಿಂತಿದ್ದ.

‘ಹಚ್ಚಿದಾವನೂ ನೀನಽ, ಒರಸಾವನೂ ನೀನಽ ಏನೋ? ನಿನ್ನಿ ನಿನ್ನ ತಂಗಿ ಫೋನ್ ಮಾಡಿ, ನಮ್ಮ ಹುಡುಗೂರು ಹಚ್ಚ್ಯಾರಂತ ನನ್ನ ಮ್ಯಾಲ ಸಿಟ್ಟಾದ್ಲು. ನನಗ ತಿಳೀವಲ್ದಾಗಿತ್ತು, ಈಗ ತಿಳೀತು.’

‘ಕಾಕಾ, ಆಕಿಗೆ ಹೇಳಬ್ಯಾಡ್ರಿ.’

‘ನಾ ಯಾಕ ಹೇಳಲಿ? ಬೈಸ್ಕೊಂಡು ಆತಲ್ಲ. ನೀನಽ ಹೇಳು, ಬಾಯಿ ಐತಿ.’

ನಾನು ಹೇಳಲಿಲ್ಲ. ಅವಳು ಪ್ರಬಂಧದಿಂದ ನೂಲುವವಳ ಭಾಗವನ್ನು ತೆಗೆದು ಮತ್ತೆ ಕಳಿಸಿದಳು. ಆಮೇಲೆ ರವಿವಾರಗಳು ನಿಂತವು. ನಾನೇ ನಿಲ್ಲಿಸಿದೆ. ಕೆಲಸ ಐತಿ, ಬೈಕು ಕೆಟ್ಟೈತಿ, ಮೈಯಾಗ ಹುಷಾರಿಲ್ಲ. ಬೈಲಹೊಂಗಲದ ಬಸ್ಸು ಬರುವ ಹೊತ್ತಿಗೆ ಸುಮ್ಮನೆ ಸ್ಟ್ಯಾಂಡಿಗೆ ಹೋಗಿ ಚಹಾ ಕುಡಿದು ಬರುತ್ತಿದ್ದೆ. ಇಳಿಯುವವರಲ್ಲಿ ಚೀಲ ತೂಗಿಹಾಕಿಕೊಂಡ ಹೆಂಗಸರನ್ನು ನೋಡುತ್ತಿದ್ದೆ. ಬರಬೇಡ ಎಂದವನೂ ನಾನೇ, ಬರಲಿ ಎಂದು ನಿಂತವನೂ ನಾನೇ. ಮನೆಯಲ್ಲಿ ಒಮ್ಮೊಮ್ಮೆ ಆ ಕನ್ನಡಿಯಿಂದ ಬಿಸಿಲನ್ನು ಗೋಡೆಯ ಮೇಲೆ ಆಡಿಸುತ್ತಿದ್ದೆ. ಸ್ವಲ್ಪ ಕೆಳಗ ಹಿಡಿ ಎನ್ನುವವರು ಇರಲಿಲ್ಲ. ಸೀತನಿಯ ಕಾಲ ಬಂತು, ಹೋಯಿತು. ಆ ದಾರಿಯಲ್ಲಿ ಕೆಲಸಕ್ಕೆ ಕರೆದರೂ ಒಲ್ಲೆ ಅಂದೆ.

ಕಳೆದ ತಿಂಗಳು ಅವಳು ಹೇಳದೆ ಕೇಳದೆ ಬಂದಳು. ಪ್ರಬಂಧ ಅಚ್ಚಾಗಿತ್ತು. ಹಾಳೆಗಳನ್ನು ನನ್ನ ಮಡಿಲಲ್ಲಿ ಇಟ್ಟಳು. ‘ಹಚ್ಚತೇನಿ ಅಂದಿದ್ದೆ ನೋಡು, ಹಚ್ಚೇನಿ.’

ಕೊನೆಯ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ನನ್ನ ಹೆಸರಿತ್ತು. ಅದೊಂದನ್ನು ಓದಿಕೊಂಡೆ. ಉಳಿದದ್ದನ್ನು ಅವಳು ಕನ್ನಡದಲ್ಲಿ ಹೇಳಿದಳು: ಕನ್ನಡಿ ಹಿಡಿದು ಈ ಕಲ್ಲುಗಳನ್ನು ನನಗೆ ಕಾಣಿಸಿದ ನನ್ನ ಅಣ್ಣನಿಗೆ.

ಹಾಳೆ ತಿರುವಿದೆ. ಕಲ್ಲುಗಳ ಪಟ್ಟಿಯಲ್ಲಿ ನಮ್ಮವಳೂ ಇದ್ದಳು, ಅರ್ಧ ಕಂಡು ಅರ್ಧ ಕಾಣದ ಅದೇ ಹಳೆಯ ಫೋಟೋ. ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ಕೇಳಿದೆ, ‘ಇಲ್ಲೇನು ಬರದಿ?’

‘ಮಾಸ್ತಿಗಲ್ಲು ಅಂತ,’ ಅಂದಳು. ‘ಮತ್ತೇನು ಬರೀಲಿ ಅಣ್ಣಾ? ತೋರ್ಸಾಕ ನಮ್ಮ ಹಂತ್ಯಾಕ ಏನೈತಿ?’

ನೂಲುತ್ತ ನಿಂತಿದ್ದವಳನ್ನು ತಿರುಗಿ ಚಿತೆಗೆ ಕಳಿಸಿದವನು ನಾನು, ಮತ್ತು ಅದೇ ಪ್ರಬಂಧದಲ್ಲಿ ನನಗೆ ಉಪಕಾರ ನೆನೆದಿದ್ದಾಳೆ. ಹಾಳೆಗಳನ್ನು ಅವಳ ಕೈಗೆ ತಿರುಗಿ ಕೊಟ್ಟೆ. ಹಿರಿಯನಾಗಿ ಹುಟ್ಟಿದವನಿಗೆ ತಪ್ಪು ಒಪ್ಪುವ ಮಾತು ಬೇಗ ಬರುವುದಿಲ್ಲ.

‘ತಂಗೀ, ಆ ಬಣ್ಣ ನಾನಽ ಹಚ್ಚಿದ್ದು. ಊರವರಲ್ಲ, ಕಾಕಾನ ಹುಡುಗೂರೂ ಅಲ್ಲ. ಒರಸಾಕ ಹೋಗಿ ಕಲ್ಲು ಕೆಡಿಸಿದಾವನೂ ನಾನಽ. ನೀ ಕೇಳಿದಾಗ ಸುಳ್ಳು ಹೇಳಿದೆ. ನನ್ನದು ತಪ್ಪಾತು. ತಪ್ಪಾತವಾ.’